ಹಿಂಬರಹವೇ ಕೊನೆಯ ಮಾತಲ್ಲ

ಕಾದಂಬರಿ, ಸಣ್ಣಕತೆ, ಲಲಿತ ಪ್ರಬಂಧ, ಆತ್ಮಕಥೆ, ಅಂಕಣ ಬರಹ ಹೀಗೆ ಕನ್ನಡ ಗದ್ಯದ ಎಲ್ಲ ಬಗೆಗಳ ಮೇಲೂ ನಮ್ಮಲ್ಲಿ ವಿಮರ್ಶೆ ಬಂದಿದೆ. ಆದರೆ ದಿನವೂ ಕಚೇರಿಗಳಲ್ಲಿ ಹುಟ್ಟುವ, ಹಳ್ಳಿಯ ಸಾಮಾನ್ಯನೊಬ್ಬ ಕಾದಂಬರಿಗಿಂತ ಹೆಚ್ಚು ಭಯಭಕ್ತಿಯಿಂದ ಓದಿಸಿಕೊಳ್ಳುವ ಒಂದು ಗದ್ಯವಿದೆ. ಅದನ್ನು ಯಾರೂ ವಿಮರ್ಶೆಗೆ ಎತ್ತಿಕೊಂಡದ್ದು ನಮಗೆ ಕಂಡಿಲ್ಲ. ಅದರ ಹೆಸರು ಹಿಂಬರಹ. ಅರ್ಜಿಯ ಹಿಂಬದಿಯಲ್ಲಿ ಅಧಿಕಾರಿ ಬರೆಯುವ ಉತ್ತರ ಎಂಬುದು ಪದದ ಅರ್ಥ. ಈಗ ಅದು ಬೇರೆಯದೇ ಹಾಳೆಯಲ್ಲಿ, ಕಂಪ್ಯೂಟರಿನಲ್ಲಿ ಮುದ್ರಣಗೊಂಡು, ದುಂಡು ಮೊಹರಿನೊಂದಿಗೆ ಅಂಚೆಯಲ್ಲಿ ಬರುತ್ತದೆ. ಆದರೂ ಹೆಸರು ಉಳಿದಿದೆ. ನಾವಿಲ್ಲಿ ಮಾತನಾಡಲು ಹೊರಟಿರುವುದು ಮಾಹಿತಿ ಕೊಡುವುದಿಲ್ಲ ಎಂದು ಹೇಳುವ ಹಿಂಬರಹದ ಬಗ್ಗೆ, ಮತ್ತು ಅದಕ್ಕೆ ಉತ್ತರವಾಗಿ ಬರೆಯಬೇಕಾದ ಮೇಲ್ಮನವಿಯ ಬಗ್ಗೆ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಗದ ಕೇಳುವವರಿಗೆ ಕೊರತೆಯಿಲ್ಲ. ಇಲ್ಲಿ ಕಾಲುವೆಗೆ ಹೋದ ಜಮೀನಿದೆ, ಹೆದ್ದಾರಿಗೆ ಹೋದ ಜಮೀನಿದೆ, ಗಾಳಿ ಗಿರಣಿ ನಿಂತ ಗುಡ್ಡಗಳಿವೆ, ಕಬ್ಬಿಣದ ಅದಿರಿನ ಗಣಿಗಳಿವೆ. ಬಳ್ಳಾರಿಯ ಗಣಿಗಾರಿಕೆಗೆ ಹಾಕಿದ್ದ ನಿಷೇಧವನ್ನು 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳಿಗೂ ವಿಸ್ತರಿಸಿತು. ಉದ್ಯೋಗ ಖಾತರಿ ಯೋಜನೆ 2006ರ ಫೆಬ್ರುವರಿಯಲ್ಲಿ ದೇಶದ ಇನ್ನೂರು ಜಿಲ್ಲೆಗಳಲ್ಲಿ ಮೊದಲಾದಾಗ ಆ ಪಟ್ಟಿಯಲ್ಲಿ ಚಿತ್ರದುರ್ಗವೂ ಇತ್ತು. ಬರ, ನೀರು, ಗಣಿ, ಕೂಲಿ, ಪರಿಹಾರ ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಅದರ ತುದಿ ಒಂದು ಕಡತದಲ್ಲಿ ಹೋಗಿ ಸೇರುತ್ತದೆ.

ಈ ನಾಲ್ಕರಲ್ಲೊಂದು ತಾಲ್ಲೂಕಿನ ಹಿರಿಯ ರೈತರೊಬ್ಬರು ಒಂದು ದಿನ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಮ್ಮ ಮುಂದೆ ಪ್ಲಾಸ್ಟಿಕ್ ಕವರೊಂದನ್ನು ಇಟ್ಟರು. ಒಳಗೆ ರೇಷನ್ ಕಾರ್ಡು, ಪಹಣಿ, ಬ್ಯಾಂಕ್ ಪಾಸ್‌ಬುಕ್ಕಿನ ಜೊತೆ ನಾಲ್ಕಾಗಿ ಮಡಿಸಿದ ಒಂದು ಹಿಂಬರಹ. ಸರ್ಕಾರಿ ಕಾಮಗಾರಿಯೊಂದಕ್ಕೆ ಅವರ ತೋಟದ ಒಂದು ತುಂಡು ಹೋಗಿತ್ತು. ಜಂಟಿ ಅಳತೆಯ ನಕ್ಷೆ ಮತ್ತು ಮರಗಳ ಎಣಿಕೆಯ ಮಹಜರಿನ ನಕಲು ಬೇಕೆಂದು ಅವರು ಮಾಹಿತಿ ಹಕ್ಕಿನ ಅರ್ಜಿ ಹಾಕಿದ್ದರು. ಉತ್ತರ ಹೀಗಿತ್ತು: ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದಾಗಿರುವುದರಿಂದ ಒದಗಿಸಲು ಅವಕಾಶವಿರುವುದಿಲ್ಲ, ಸದರಿ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ.

"ಹಿಂಬರಾ ಬಂದೈತೆ ಮೇಷ್ಟ್ರೆ. ಮುಗೀತಲ್ಲ?" ಎಂದರು ಯಜಮಾನರು.

ಪತ್ರ ಅವರ ಕೈ ಸೇರಿ ಆಗಲೇ ಇಪ್ಪತ್ತಮೂರು ದಿನಗಳಾಗಿದ್ದವು. ಮುಗಿದಿರಲಿಲ್ಲ. ಇನ್ನು ಏಳು ದಿನ ಉಳಿದಿತ್ತು.

ಆ ಎರಡು ಸಾಲನ್ನು ನಾವು ಒಂದು ಪದ್ಯವನ್ನು ಓದುವಷ್ಟು ನಿಧಾನವಾಗಿ ಓದಿದೆವು. ಮೊದಲು ಕಣ್ಣಿಗೆ ಬೀಳುವುದು ವಾಕ್ಯದಲ್ಲಿ ಕರ್ತೃವೇ ಇಲ್ಲದಿರುವುದು. 'ಮುಕ್ತಾಯಗೊಳಿಸಲಾಗಿದೆ' ಎಂದಿದೆ, ಮುಗಿಸಿದವರು ಯಾರೆಂದಿಲ್ಲ. 'ಅವಕಾಶವಿರುವುದಿಲ್ಲ' ಎಂದಿದೆ, ಅವಕಾಶವನ್ನು ತಡೆದಿರುವ ಕಲಮು ಯಾವುದೆಂದಿಲ್ಲ. 'ಇಲ್ಲ' ಎಂಬ ಒಂದೇ ಮಾತಿನಲ್ಲಿ ಮುಗಿಯುವುದನ್ನು 'ಇರುವುದಿಲ್ಲ' ಎಂದು ಎಳೆದಾಗ ಅದು ಮನುಷ್ಯನೊಬ್ಬ ತೆಗೆದುಕೊಂಡ ತೀರ್ಮಾನದಂತೆ ಕೇಳುವುದಿಲ್ಲ. ಮಳೆ ಬಾರದ ವರ್ಷದಂತೆ, ಯಾರ ಕೈಯಲ್ಲೂ ಇಲ್ಲದ ಸಂಗತಿಯಂತೆ ಕೇಳುತ್ತದೆ. ಕೆಳಗೆ ಒಂದು ಸಹಿ. ಅದು ಯಾರದೆಂದು ಓದಲು ಬರುವುದಿಲ್ಲ. ಹೆಸರಿಲ್ಲ, ಹುದ್ದೆಯ ಮೊಹರಷ್ಟೇ ಇದೆ.

ಹಿಂಬರಹದ ಶಬ್ದಕೋಶವನ್ನು ನಾವು ದೂರುವುದಿಲ್ಲ. ಅರ್ಜಿ, ದಾಖಲೆ, ಅಸಲು, ನಕಲು, ಹಾಜರು, ಜಾರಿ, ಮಹಜರು, ತಹಶೀಲ್ದಾರ ಇವೆಲ್ಲ ಅರಬ್ಬಿ ಪಾರ್ಸಿಗಳಿಂದ ಬಂದು ಕನ್ನಡದ ಮನೆಮಕ್ಕಳಾದ ಮಾತುಗಳು. ರೈತನಿಗೆ ಇವು ಚೆನ್ನಾಗಿ ಗೊತ್ತು. 'ಕಡತ'ವಂತೂ ಅಚ್ಚಗನ್ನಡ. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಪುಸ್ತಕಕ್ಕೆ ಹಿಂದೆ ಕಡತವೆಂದು ಹೆಸರು. ಅದರಲ್ಲಿ ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ದೋಷ ಪದಗಳಲ್ಲಿಲ್ಲ. ಪದಗಳ ಹಿಂದೆ ಮನುಷ್ಯನೊಬ್ಬ ಅಡಗಿ ಕೂರುವುದರಲ್ಲಿದೆ.

ಈ ಮಾತಿಗೆ ನಮ್ಮ ಜಿಲ್ಲೆಯಲ್ಲೇ ಒಂದು ಹಳೆಯ ಸಾಕ್ಷಿಯಿದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ ಅವರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಅದೂ ಒಂದು ಸರ್ಕಾರಿ ಪತ್ರವೇ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಬಂದದ್ದು. ಮೊದಲು ಆರೋಗ್ಯ ವಿಚಾರಿಸಿ ಆಮೇಲೆ ವಿಷಯಕ್ಕೆ ಬರುತ್ತದೆ. ಅಧಿಕಾರಿಯಿಂದ ಅಧಿಕಾರಿಗೆ ಹೋದ ಆ ಮಾತನ್ನು ಕಪಾಟಿನಲ್ಲಿಡದೆ ದಾರಿಹೋಕರಿಗೆ ಕಾಣುವ ಬಂಡೆಯ ಮೇಲೆ ಕೆತ್ತಿದರು. ಕೊನೆಯಲ್ಲಿ ಲಿಪಿಕಾರ ಚಪಡ ತನ್ನ ಹೆಸರು ಹಾಕಿ, ತನ್ನ ಕಸುಬನ್ನು ಖರೋಷ್ಠಿ ಲಿಪಿಯಲ್ಲಿ ಬರೆದು ಬಿಟ್ಟುಹೋಗಿದ್ದಾನೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಗುಮಾಸ್ತನ ಹೆಸರು ನಮಗೆ ಗೊತ್ತು. ಯಜಮಾನರ ಹಿಂಬರಹಕ್ಕೆ ಸಹಿ ಮಾಡಿದವರ ಹೆಸರು ಮಾತ್ರ ಗೊತ್ತಾಗಲಿಲ್ಲ.

ಈಗ ಕಾನೂನಿಗೆ ಬರೋಣ. ಕರ್ನಾಟಕ ಈ ವಿಷಯದಲ್ಲಿ ಹಿಂದುಳಿದ ರಾಜ್ಯವೇನಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಕೂಲಿಯ ಹಾಜರಿ ಪಟ್ಟಿಯನ್ನು ಜನರ ಮುಂದೆ ಓದಿಸಿ, 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ ಧರಣಿ ಕೂತ ಮೇಲೆ ದೇಶದಲ್ಲಿ ಈ ಹಕ್ಕಿನ ಮಾತು ಜೋರಾಯಿತು. ನಮ್ಮ ವಿಧಾನಮಂಡಲ 2000ದಲ್ಲೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತು. ಅದರಲ್ಲೂ ಮೇಲ್ಮನವಿ ಇತ್ತು. ಎರಡನೆಯ ಮೇಲ್ಮನವಿ ಕರ್ನಾಟಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬೇಕಿತ್ತು. ಆನಂತರ 2005ರ ಕೇಂದ್ರ ಕಾಯ್ದೆ ಬಂದು, ಆ ವರ್ಷದ ಅಕ್ಟೋಬರ್ 12ರಿಂದ ಪೂರ್ತಿ ಜಾರಿಯಾಯಿತು. ಅದು ಎರಡನೆಯ ಮೇಲ್ಮನವಿಯನ್ನು ಮಾಹಿತಿ ಆಯೋಗಕ್ಕೆ ಒಪ್ಪಿಸಿತು.

ಈ ಕಾಯ್ದೆಯಲ್ಲಿ ಅರ್ಜಿದಾರನ ಬಗೆಗಿನ ಕಲಮುಗಳನ್ನು ಎಲ್ಲರೂ ಓದುತ್ತಾರೆ. ನಿರಾಕರಿಸುವವನ ಬಗೆಗಿನದನ್ನು ಓದುವವರು ಕಡಿಮೆ. 7ನೇ ಕಲಮಿನ 8ನೇ ಉಪಕಲಮು ಒಂದು ಹಿಂಬರಹ ಹೇಗಿರಬೇಕೆಂದು ಹೇಳುತ್ತದೆ. ಅದರಲ್ಲಿ ಮೂರು ಸಂಗತಿ ಇರಲೇಬೇಕು: ನಿರಾಕರಣೆಗೆ ಕಾರಣ, ಎಷ್ಟು ದಿನದೊಳಗೆ ಮೇಲ್ಮನವಿ ಹಾಕಬಹುದು, ಮೇಲ್ಮನವಿ ಯಾರಿಗೆ. ಅಂದರೆ ಇಲ್ಲವೆನ್ನುವವನೇ 'ನನ್ನ ಮೇಲೆ ದೂರು ಹೇಳಲು ಇಂಥವರ ಬಳಿ ಹೋಗು' ಎಂದು ದಾರಿ ತೋರಿಸಬೇಕು. ಯಜಮಾನರ ಹಿಂಬರಹದಲ್ಲಿ ಕಲಮಿನ ಆಧಾರವಿರುವ ಕಾರಣವಿರಲಿಲ್ಲ, ದಿನಗಳಿರಲಿಲ್ಲ, ವಿಳಾಸವೂ ಇರಲಿಲ್ಲ. ಅವರು ಅದನ್ನು ಇಪ್ಪತ್ತಮೂರು ದಿನ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡದ್ದು ಸೋಮಾರಿತನದಿಂದಲ್ಲ. ಬಾಗಿಲೊಂದು ಇದೆಯೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರನ್ನೇ ಮೂರನೇ ವ್ಯಕ್ತಿ ಎಂದದ್ದಂತೂ ಇನ್ನೂ ವಿಚಿತ್ರ. ಮಾಹಿತಿ ಕೇಳುವ ನಾಗರಿಕನನ್ನು ಬಿಟ್ಟು ಬೇರೆಯವನು ಮೂರನೇ ವ್ಯಕ್ತಿ ಎಂಬುದು 2ನೇ ಕಲಮಿನ ವ್ಯಾಖ್ಯೆ. ತನ್ನ ತೋಟದ ಅಳತೆ ಕೇಳಿದವನು ತನಗೆ ತಾನೇ ಮೂರನೆಯವನಾಗುವುದು ಹೇಗೆ? ನಿಜವಾಗಿಯೇ ಮೂರನೆಯವರಿಗೆ ಸೇರಿದ, ಅವರು ಗೋಪ್ಯವೆಂದು ಇಟ್ಟ ಮಾಹಿತಿಯಾದರೂ, 11ನೇ ಕಲಮು ಅವರಿಗೆ ತಿಳಿಸಿ ಅಭಿಪ್ರಾಯ ಕೇಳಬೇಕೆನ್ನುತ್ತದೆಯೇ ಹೊರತು ಅವರು ಬೇಡವೆಂದರೆ ಕಡತ ಮುಚ್ಚಬೇಕೆನ್ನುವುದಿಲ್ಲ.

ಹಿಂಬರಹಗಳಲ್ಲಿ ಬರುವ ನೆಪಗಳು ಬಹಳವೇನಿಲ್ಲ, ಐದಾರು. ಹಾಡಿದ್ದೇ ಹಾಡು. ಒಂದು, ಕಡತ ಲಭ್ಯವಿಲ್ಲ. ಕಡತ ಕಾಣೆಯಾಗುವುದು ಕಾಯ್ದೆಯ ವಿನಾಯಿತಿಗಳ ಪಟ್ಟಿಯಲ್ಲೇ ಇಲ್ಲ. ಇಂಥ ಸಂದರ್ಭದಲ್ಲಿ ವಿಚಾರಣೆ ನಡೆಸಿ ಹೊಣೆ ಗೊತ್ತುಮಾಡಬೇಕೆಂದು ದೆಹಲಿ ಹೈಕೋರ್ಟ್ 2013ರಲ್ಲಿ ಹೇಳಿದೆ. ದಾಖಲೆ ಕಾಪಾಡಲೆಂದೇ ನಮ್ಮಲ್ಲಿ 2010ರ ಕರ್ನಾಟಕ ರಾಜ್ಯ ಸಾರ್ವಜನಿಕ ದಾಖಲೆಗಳ ಕಾಯ್ದೆಯಿದೆ. ಎರಡು, ತನಿಖೆ ನಡೆಯುತ್ತಿದೆ. ತನಿಖೆ ಇದೆ ಎಂದರೆ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಅಡ್ಡಿ ಹೇಗೆ ಆಗುತ್ತದೆಂದು ತೋರಿಸಬೇಕು. 2007ರ ದೆಹಲಿ ಹೈಕೋರ್ಟಿನ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಮೂರು, ವಾಣಿಜ್ಯ ಗೋಪ್ಯತೆ. ಗಣಿಯ ಅದಿರು ಎಷ್ಟು ಸಾಗಿತು ಎಂದು ಕೇಳಿದಾಗ ಈ ಮಾತು ಬಂದರೆ, ಹೆಚ್ಚಿನ ಸಾರ್ವಜನಿಕ ಹಿತವಿದ್ದಲ್ಲಿ ಅದನ್ನೂ ಕೊಡಬಹುದೆಂದು ಅದೇ ಕಲಮು ಹೇಳಿರುವುದನ್ನು ನೆನಪಿಸಬೇಕು. ಲಾರಿಯ ಧೂಳು ಕುಡಿಯುವ ಊರಿಗೆ ಅದಿರಿನ ಲೆಕ್ಕ ಖಾಸಗಿ ವಿಷಯವಲ್ಲ. ನಾಲ್ಕು, ಕಡತದ ಒಂದು ಪುಟ ಗೋಪ್ಯವಾದದ್ದರಿಂದ ಇಡೀ ಕಡತ ಗೋಪ್ಯ. 10ನೇ ಕಲಮು ಆ ಭಾಗವನ್ನಷ್ಟೇ ಬೇರ್ಪಡಿಸಿ ಉಳಿದದ್ದನ್ನು ಕೊಡಲು ಹೇಳುತ್ತದೆ. ಐದು, ಮೌನ. ಮೂವತ್ತು ದಿನ ಉತ್ತರ ಬಾರದಿದ್ದರೆ ಅದನ್ನೇ ನಿರಾಕರಣೆಯೆಂದು ಕಾಯ್ದೆ ಎಣಿಸುತ್ತದೆ. ಅವಧಿ ಮೀರಿದ ಮೇಲೆ ಕೊಡುವ ಮಾಹಿತಿಗೆ ಶುಲ್ಕವನ್ನೂ ಕೇಳುವಂತಿಲ್ಲ.

ಆರನೆಯದು 'ಪ್ರಶ್ನಾರೂಪದಲ್ಲಿದೆ' ಎಂಬುದು. ಇದರಲ್ಲಿ ಅರ್ಧ ನ್ಯಾಯವಿದೆ. 'ನಮ್ಮ ಕೆರೆ ಏಕೆ ತುಂಬಿಸಲಿಲ್ಲ?' ಎಂದು ಕೇಳಿದರೆ ಅಧಿಕಾರಿ ಕಾರಣ ಹುಟ್ಟಿಸಿ ಬರೆಯಬೇಕಿಲ್ಲ. ಇರುವ ದಾಖಲೆ ಕೊಡುವುದಷ್ಟೇ ಅವರ ಕೆಲಸವೆಂದು ನ್ಯಾಯಾಲಯಗಳು ಹೇಳಿವೆ. ಆದ್ದರಿಂದ ಏಕೆ ಎಂದು ಕೇಳಬಾರದು. ಏಕೆ ಎಂದು ಬರೆದಿರುವ ಟಿಪ್ಪಣಿ ಹಾಳೆಯ ನಕಲು ಕೇಳಬೇಕು.

ನಮ್ಮ ದೃಷ್ಟಿಯಲ್ಲಿ ಮೇಲ್ಮನವಿ ಎಂಬುದು ಹಿಂಬರಹದ ವಿಮರ್ಶೆ. 'ಮನವಿ' ಎಂಬ ಪದ ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರಲ್ಲಿ ಕೈಮುಗಿದು ನಿಂತ ಭಂಗಿಯಿದೆ. ಕಾಯ್ದೆಯಲ್ಲಿ ಆ ಭಂಗಿಯಿಲ್ಲ. ನಿರಾಕರಿಸಿದ್ದು ಸರಿಯೆಂದು ಸಾಬೀತು ಮಾಡುವ ಹೊಣೆ ನಿರಾಕರಿಸಿದ ಅಧಿಕಾರಿಯದು ಎಂದು 19ನೇ ಕಲಮು ಹೇಳುತ್ತದೆ. ಮಾಹಿತಿ ಏತಕ್ಕೆ ಬೇಕೆಂದು ನಾವು ಹೇಳಬೇಕಿಲ್ಲ. ಏತಕ್ಕೆ ಕೊಡುವುದಿಲ್ಲವೆಂದು ಅವರು ಹೇಳಬೇಕು. ಆದರೆ ನಾವು ಕಂಡಿರುವ ಮೇಲ್ಮನವಿಗಳಲ್ಲಿ ಹೆಚ್ಚಿನವು ಒಂದೋ ಗೋಗರೆಯುತ್ತವೆ, ಇಲ್ಲವೇ ಬೈಯುತ್ತವೆ. ಭ್ರಷ್ಟರು, ಲಂಚಕೋರರು, ಜೈಲಿಗೆ ಕಳಿಸುತ್ತೇನೆ ಎಂದು ನಾಲ್ಕು ಪುಟ. ಹಿಂಬರಹದ ಒಂದು ವಾಕ್ಯಕ್ಕೂ ಅದರಲ್ಲಿ ಉತ್ತರವಿರುವುದಿಲ್ಲ. ಕೃತಿಯನ್ನೇ ಓದದೆ ಲೇಖಕನನ್ನು ಬೈಯುವುದು ಸಾಹಿತ್ಯದಲ್ಲಿ ಹೇಗೆ ವಿಮರ್ಶೆಯಲ್ಲವೋ ಇಲ್ಲಿಯೂ ಹಾಗೆಯೇ.

ಹೋಟೆಲಿನ ಮೇಜಿನ ಮೇಲೆ ಯಜಮಾನರ ಮೇಲ್ಮನವಿ ಒಂದೇ ಪುಟದಲ್ಲಿ ಮುಗಿಯಿತು. ಅರ್ಜಿ ಕೊಟ್ಟ ದಿನ, ಹಿಂಬರಹ ಕೈ ಸೇರಿದ ದಿನ. ನಾನು ಕೇಳಿದ್ದು ನನ್ನದೇ ಸರ್ವೆ ನಂಬರಿನ ದಾಖಲೆ, ಆದ್ದರಿಂದ ನಾನು ಮೂರನೇ ವ್ಯಕ್ತಿಯಲ್ಲ. ಹಿಂಬರಹದಲ್ಲಿ ಯಾವ ಕಲಮಿನಡಿ ನಿರಾಕರಣೆ ಎಂದು ಹೇಳಿಲ್ಲ. ನಕ್ಷೆ ಮತ್ತು ಮಹಜರಿನ ದೃಢೀಕೃತ ನಕಲು ಕೊಡಿಸಬೇಕು. ಅಷ್ಟೇ. ಅರ್ಜಿ, ಹಿಂಬರಹಗಳ ಪ್ರತಿ ಲಗತ್ತಿಸಿ, ಅದೇ ಇಲಾಖೆಯ ಮೇಲಿನ ದರ್ಜೆಯ ಅಧಿಕಾರಿಗೆ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದರು.

ವಿಚಾರಣೆಯ ದಿನ ಅಧಿಕಾರಿ ಸಿಡುಕಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಕಡತ ತರಿಸಿ ನೋಡಿ, ಕೊಡಿ ಎಂದರು. ನಕಲು ಕೈಗೆ ಬಂದಾಗ ಗೊತ್ತಾಯಿತು: ಮಹಜರಿನಲ್ಲಿ ತೆಂಗಿನ ಮರ 41 ಎಂದಿತ್ತು, ಪರಿಹಾರದ ಪಟ್ಟಿಯಲ್ಲಿ 14. ಯಾರೋ ಅಂಕಿಯನ್ನು ತಿರುಗಿಸಿ ಬರೆದಿದ್ದರು. ಕಳ್ಳತನವೇ ಆಗಿರಬೇಕೆಂದಿಲ್ಲ, ಕೈತಪ್ಪೂ ಇರಬಹುದು. ನಿರಾಕರಣೆಗಳು ಯಾವಾಗಲೂ ದೊಡ್ಡ ಹಗರಣಗಳನ್ನೇ ಮುಚ್ಚುವುದಿಲ್ಲ. ಬಹಳ ಸಲ ಇಂಥ ಕೈತಪ್ಪುಗಳನ್ನು ಮುಚ್ಚುತ್ತವೆ. ತಿದ್ದಬಹುದಾಗಿದ್ದ ತಪ್ಪು ಆ ಮುಚ್ಚುವಿಕೆಯಿಂದಲೇ ಅನ್ಯಾಯವಾಗಿ ಬಲಿಯುತ್ತದೆ. ಮರಗಳ ಬಾಕಿ ಪರಿಹಾರಕ್ಕಾಗಿ ಯಜಮಾನರು ಈಗ ಬೇರೆ ಅರ್ಜಿ ಹಿಡಿದು ಓಡಾಡುತ್ತಿದ್ದಾರೆ. ಆದರೆ ಅವರ ಕೈಯಲ್ಲಿ ಈಗ ಒಂದು ಕಾಗದವಿದೆ.

ಕಚೇರಿಯ ಕಡೆಯ ಮಾತನ್ನೂ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಒಬ್ಬ ವಿಷಯ ನಿರ್ವಾಹಕನ ಮೇಜಿನ ಮೇಲೆ ಎರಡು ಮೂರು ಹುದ್ದೆಗಳ ಕೆಲಸ ಬಿದ್ದಿರುತ್ತದೆ. ಮಾಹಿತಿ ಹಕ್ಕನ್ನೇ ಕಸುಬು ಮಾಡಿಕೊಂಡು ಗುತ್ತಿಗೆದಾರರಿಂದ ಹಣ ಕೀಳುವವರೂ ಇದ್ದಾರೆ. ಬೇಕಾಬಿಟ್ಟಿ ಅರ್ಜಿಗಳಿಂದ ಆಡಳಿತವೇ ಸ್ಥಗಿತಗೊಳ್ಳಬಾರದೆಂದು 2011ರಲ್ಲಿ ಸುಪ್ರೀಂ ಕೋರ್ಟೂ ಎಚ್ಚರಿಸಿದೆ. ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು ಎಂದು ಕರ್ನಾಟಕ 2008ರಲ್ಲಿ ನಿಯಮ ಮಾಡಿದ್ದರ ಹಿಂದೆ ಈ ಬೇಸರವೂ ಇದ್ದೀತು. ಆದರೆ ಅಕ್ಷರ ಬಾರದವನಿಗೆ ಪದ ಎಣಿಸುವುದು ಯಾರು? ಬರೆಯಲಾಗದವನ ಬಾಯಿಮಾತಿನ ಕೋರಿಕೆಯನ್ನು ಬರಹಕ್ಕಿಳಿಸಲು ಅಧಿಕಾರಿಯೇ ನೆರವಾಗಬೇಕೆಂದು ಮೂಲ ಕಾಯ್ದೆ ಹೇಳುತ್ತದೆ. ನಾಗರಿಕನ ಮಾತಿಗೆ ಮಿತಿ ಹಾಕಿದ ಸರ್ಕಾರ ತನ್ನ ಮೌನಕ್ಕೂ ಅಷ್ಟೇ ಕಟ್ಟುನಿಟ್ಟಿನ ಮಿತಿ ಹಾಕಿಕೊಳ್ಳಬೇಕಿತ್ತು.

ಇನ್ನೊಂದು ಮಾತು ನಮ್ಮವರಿಗೂ ಸೇರಿದ್ದು. ಕಾನೂನಿನಿಂದ ಹುಟ್ಟಿದ ವಕ್ಫ್ ಮಂಡಳಿಯೂ ಈ ಕಾಯ್ದೆಯಡಿ ಸಾರ್ವಜನಿಕ ಪ್ರಾಧಿಕಾರವೇ. ತಾಲ್ಲೂಕು ಕಚೇರಿಯ ಬಾಗಿಲಲ್ಲಿ ಲೆಕ್ಕ ಕೇಳುವ ನಾವು ಖಬರಸ್ತಾನದ ಜಾಗದ ದಾಖಲೆಯನ್ನು, ಮಳಿಗೆಗಳ ಬಾಡಿಗೆಯನ್ನು ಕೇಳಿದವನನ್ನು ಮಾತ್ರ 'ಜಮಾತಿನ ಮಾನ ಕಳೆಯುವವನು' ಎನ್ನಬಾರದು. ದೇವಸ್ಥಾನ, ಸಹಕಾರ ಸಂಘ, ಶಾಲೆ ಎಲ್ಲಿಯೇ ಆಗಲಿ, ಲೆಕ್ಕ ಕೇಳಿದವನನ್ನು ಹಗೆಯೆಂದು ಕಾಣುವ ಅಭ್ಯಾಸ ಇರುವವರೆಗೆ ಹಿಂಬರಹದ ಭಾಷೆ ಬದಲಾಗುವುದಿಲ್ಲ. ಆ ಭಾಷೆ ನಮ್ಮೊಳಗಿನದೇ.

ಈ ನಡುವೆ ಹಿಂಬರಹ ಬರೆಯುವವರಿಗೆ ಒಂದು ದೊಡ್ಡ ಅನುಕೂಲ ಸಿಕ್ಕಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಾಹಿತಿ ಹಕ್ಕಿನ 8(1)(ಜೆ) ಕಲಮನ್ನು ತಿದ್ದಿತು. 2025ರ ನವೆಂಬರಿನಲ್ಲಿ ಆ ತಿದ್ದುಪಡಿ ಜಾರಿಗೆ ಬಂತು. ಮೊದಲು ಸಾರ್ವಜನಿಕ ಚಟುವಟಿಕೆಗೆ ಸಂಬಂಧವೇ ಇಲ್ಲದ, ಅನಗತ್ಯವಾಗಿ ಒಬ್ಬರ ಖಾಸಗಿತನಕ್ಕೆ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಮಾತ್ರ ನಿರಾಕರಿಸಬಹುದಿತ್ತು. ಶಾಸನಸಭೆಗೆ ನಿರಾಕರಿಸಲಾಗದ್ದನ್ನು ಯಾರಿಗೂ ನಿರಾಕರಿಸಬಾರದೆಂಬ ಮಾತೂ ಅಲ್ಲಿತ್ತು. ಈಗ ಉಳಿದಿರುವುದು ಇಷ್ಟೇ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. ಮನೆ ಯಾರಿಗೆ ಮಂಜೂರಾಯಿತು, ಕೂಲಿ ಯಾರ ಹೆಸರಿಗೆ ಹೋಯಿತು, ಪರಿಹಾರದ ಪಟ್ಟಿಯಲ್ಲಿ ಯಾರಿದ್ದಾರೆ, ಎಲ್ಲವೂ ಯಾರೋ ಒಬ್ಬರ ಹೆಸರೇ ತಾನೆ? ಹೆಸರಿಲ್ಲದ ಪಟ್ಟಿಯಿಂದ ಸುಳ್ಳು ಹೆಸರನ್ನು ಹಿಡಿಯುವುದು ಹೇಗೆ? ಖಾಸಗಿತನ ಬೇಡವೆಂದು ನಾವು ಹೇಳುತ್ತಿಲ್ಲ. ಬಡವನ ಖಾಸಗಿತನಕ್ಕೂ ಬೆಲೆಯಿದೆ. ಆದರೆ ಅದರ ಹೆಸರಿನಲ್ಲಿ ಸರ್ಕಾರದ ಲೆಕ್ಕವೇ ಖಾಸಗಿಯಾಗಬಾರದು.

ಇಲ್ಲೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಸಾರ್ವಜನಿಕ ಹಿತವೇ ಹೆಚ್ಚಿನದಾದರೆ ವಿನಾಯಿತಿಯಿರುವ ಮಾಹಿತಿಯನ್ನೂ ಕೊಡಬಹುದೆಂಬ 8(2) ಉಳಿದಿದೆ. ಇನ್ನು ಮುಂದೆ ಮೇಲ್ಮನವಿಗಳ ಭಾರವೆಲ್ಲ ಆ ಒಂದು ಸಾಲಿನ ಮೇಲೆ ಬೀಳಲಿದೆ. ಆದ್ದರಿಂದ ಮೇಲ್ಮನವಿ ಬರೆಯುವವರು ಊರಿನ ಹಿತವೇನೆಂದು ಎರಡು ವಾಕ್ಯದಲ್ಲಾದರೂ ಬರೆಯಲು ಕಲಿಯಬೇಕು.

ಮೊದಲ ಮೇಲ್ಮನವಿಗೆ ಮೂವತ್ತು ದಿನ, ಹೆಚ್ಚೆಂದರೆ ನಲವತ್ತೈದು ದಿನದಲ್ಲಿ ತೀರ್ಮಾನವಾಗಬೇಕು. ಆಗದಿದ್ದರೆ ಅಥವಾ ತೀರ್ಮಾನ ವಿರುದ್ಧವಾದರೆ ತೊಂಬತ್ತು ದಿನದೊಳಗೆ ಬೆಂಗಳೂರಿನ ಮಾಹಿತಿ ಆಯೋಗಕ್ಕೆ ಹೋಗಬಹುದು. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಹಾಕುವ ಅಧಿಕಾರ ಆಯೋಗಕ್ಕಷ್ಟೇ ಇದೆ. ಆದರೆ ಆಯೋಗ ಎಷ್ಟು ದಿನದಲ್ಲಿ ತೀರ್ಮಾನಿಸಬೇಕೆಂದು ಕಾಯ್ದೆ ಹೇಳಿಲ್ಲ. ಅರ್ಜಿದಾರನಿಗೆ ದಿನ ಎಣಿಸಿ ಕೊಟ್ಟ ಕಾಯ್ದೆ ಕೊನೆಯ ಮೆಟ್ಟಿಲಲ್ಲಿ ಎಣಿಕೆಯನ್ನೇ ಮರೆತಿದೆ. ಕಾಯ್ದೆಯ ದೊಡ್ಡ ಕೊರತೆಗಳಲ್ಲಿ ಇದೂ ಒಂದೆಂದು ನಾವು ತಿಳಿಯುತ್ತೇವೆ.

ಆದರೂ ಮೊದಲ ಮೆಟ್ಟಿಲು ಹತ್ತುವವರೇ ಕಡಿಮೆಯಾದರೆ ಕೊನೆಯ ಮೆಟ್ಟಿಲನ್ನು ದೂರಿ ಏನು ಫಲ? ಓದುಗರ ಮನೆಯಲ್ಲಿ, ನೆರೆಮನೆಯಲ್ಲಿ, ಯಾವುದಾದರೂ ಪ್ಲಾಸ್ಟಿಕ್ ಕವರಿನಲ್ಲಿ ಇಂಥದೊಂದು ಹಿಂಬರಹ ಮಡಿಸಿಟ್ಟಿರಬಹುದು. ಅದನ್ನು ತೆಗೆದು ಒಮ್ಮೆ ಗಟ್ಟಿಯಾಗಿ ಓದಿ. ಅದು ಕೈ ಸೇರಿದ ತಾರೀಖು ನೋಡಿ. ಮೂವತ್ತು ದಿನ ಆಗಿಲ್ಲದಿದ್ದರೆ ಇವತ್ತೇ ಕೂತು ಬರೆಯಿರಿ. ಆಗಿದ್ದರೆ ತಡವಾದದ್ದಕ್ಕೆ ಕಾರಣವನ್ನೂ ಸೇರಿಸಿ ಬರೆಯಿರಿ; ಸಕಾರಣವಿದ್ದರೆ ತಡವಾದದ್ದನ್ನೂ ಸ್ವೀಕರಿಸಲು ಅವಕಾಶವಿದೆ.

ಕೊನೆಗೆ ನಿಮ್ಮ ಹೆಸರನ್ನು ಎಲ್ಲರಿಗೂ ಓದಲು ಬರುವಂತೆ ಬರೆಯಿರಿ.